ಕಮಾನು

ಒಂದು ಭಾನುವಾರ ಬೆಳಿಗ್ಗೆ ಜನ್ನಾಪುರದ ತವರುಮನೆಯ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ನನ್ನ ತಮ್ಮ ಅಂಗಳದಲ್ಲಿ ತನ್ನ ಪಿಕಪ್ ಗಾಡಿಯ ಕೆಳಗೆ ಅಂಗಾತ ಮಲಗಿದ್ದ. ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಆ ಕಾಲುಗಳೇ ಮಾತಾಡಿದ ಹಾಗೆ ದನಿ ಬಂತು.

“ಅಕ್ಕ, ನಾಳೆ ಗಾಡಿಗೆ ಕಮಾನು ಹಾಕಿಸ್ತೀನಿ.”

“ಒಳ್ಳೇದಾಯ್ತು ಕಣೋ. ಮಳೆಗೂ ಬಿಸಿಲಿಗೂ ಒಂದು ಮರೆ ಆಗುತ್ತೆ” ಎಂದೆ.

ಗಾಡಿಯ ಕೆಳಗಿನಿಂದ ಜೋರಾಗಿ ನಗು ಕೇಳಿಸಿತು. ಕೈಯೆಲ್ಲ ಗ್ರೀಸು ಮಾಡಿಕೊಂಡು ಹೊರಗೆ ಬಂದವನು, “ಅಯ್ಯೋ ಅಕ್ಕ, ನೀನಿನ್ನೂ ಅಜ್ಜನ ಕಾಲದಲ್ಲೇ ಇದ್ದೀಯ. ಕಮಾನು ಅಂದ್ರೆ ಮೇಲಿನದಲ್ಲ, ಕೆಳಗಿನದು” ಎಂದ. ನನ್ನನ್ನು ಬಗ್ಗಿಸಿ ತೋರಿಸಿದ. ಹಿಂದಿನ ಗಾಲಿಗಳ ಅಚ್ಚಿನ ಮೇಲೆ ಬಿಲ್ಲಿನಂತೆ ಬಾಗಿದ ಕಬ್ಬಿಣದ ಪಟ್ಟಿಗಳು ಒಂದರ ಮೇಲೊಂದು ಕೂತಿದ್ದವು. ಕೆಳಗಿನದು ಗಿಡ್ಡ, ಮೇಲಿನದು ಉದ್ದ. ನಮ್ಮ ಅಡಿಗೆಮನೆಯಲ್ಲಿ ತಟ್ಟೆಗಳನ್ನು ಅಳತೆಯ ಪ್ರಕಾರ ಜೋಡಿಸಿಟ್ಟ ಹಾಗೆ. ಮೇಸ್ತ್ರಿಗಳು ಅವನ್ನು ಪ್ಲೇಟು ಎನ್ನುತ್ತಾರೆ. ಇರುವ ಪ್ಲೇಟುಗಳ ಜೊತೆಗೆ ಒಂದೊಂದು ಕಡೆಗೆ ಇನ್ನೆರಡು ಸೇರಿಸಿದರೆ ಗಾಡಿ ಹೆಚ್ಚು ಭಾರ ತಡೆಯುತ್ತದೆ ಎಂಬುದು ಅವನ ಲೆಕ್ಕ.

ನನಗೆ ಕಮಾನು ಎಂದರೆ ನೆನಪಾಗುವುದು ಅಜ್ಜನ ಎತ್ತಿನ ಗಾಡಿಯ ಮೇಲೆ ಬಾಗಿಸಿ ಕಟ್ಟುತ್ತಿದ್ದ ಬಿದಿರಿನ ಚಾವಣಿ. ಹೆಂಗಸರು ಮಕ್ಕಳು ಊರಿಗೆ ಹೊರಟರೆ ಮಾತ್ರ ಅದು ಅಟ್ಟದಿಂದ ಇಳಿಯುತ್ತಿತ್ತು. ಭತ್ತದ ಮೂಟೆಗೆ ಕಮಾನು ಬೇಕಿರಲಿಲ್ಲ. ಒಂದೇ ಮಾತು, ಎರಡು ತಲೆಮಾರು ಕಳೆಯುವುದರೊಳಗೆ ಗಾಡಿಯ ಮೇಲಿನಿಂದ ಗಾಡಿಯ ಕೆಳಗೆ ಇಳಿದುಬಿಟ್ಟಿದೆ. ಹೇಗೆ ಇಳಿಯಿತು ಎಂದು ಯೋಚಿಸುತ್ತ ಹೋದರೆ ನಮ್ಮ ಮನೆಯ ಕಥೆ, ನಮ್ಮ ಭದ್ರಾವತಿಯ ಕಥೆ, ಒಂದಿಷ್ಟು ಲೋಕದ ಕಥೆಯೂ ಬಿಚ್ಚಿಕೊಳ್ಳುತ್ತದೆ.

ಅಜ್ಜನ ಮೊದಲ ಗಾಡಿಯನ್ನು ನಾನು ನೋಡಿಲ್ಲ, ಅಜ್ಜಿಯ ಬಾಯಲ್ಲಿ ಕೇಳಿದ್ದೇನೆ. ಗಾಲಿಯ ನಡುವೆ ಮರದ ಗುಂಬ, ಅದರಿಂದ ಹೊರಟ ಅರೆಕಾಲುಗಳು, ಸುತ್ತ ಮರದ ಬಳೆ, ಅದರ ಮೇಲೆ ಕಬ್ಬಿಣದ ಪಟ್ಟಿ. ಆ ಪಟ್ಟಿ ಕೂರಿಸುವ ದಿನ ಊರ ಮಕ್ಕಳೆಲ್ಲ ಕಮ್ಮಾರಸಾಲೆಯ ಮುಂದೆ ಸೇರುತ್ತಿದ್ದರಂತೆ. ಗಾಲಿಗಿಂತ ತುಸು ಚಿಕ್ಕದಾಗಿ ಪಟ್ಟಿಯನ್ನು ಬೆಸೆದು, ಸುತ್ತಲೂ ಬೆರಣಿ ಜೋಡಿಸಿ ಬೆಂಕಿ ಕೊಡುತ್ತಾರೆ. ಕಬ್ಬಿಣ ಕಾದು ಹಿಗ್ಗಿದಾಗ ಇಕ್ಕಳದಲ್ಲಿ ಹಿಡಿದು ಗಾಲಿಗೆ ಏರಿಸಿ, ನೀರು ಸುರಿಯುತ್ತಾರೆ. ಭುಸ್ಸೆಂದು ಹೊಗೆ ಎದ್ದು ಪಟ್ಟಿ ಕುಗ್ಗಿ ಮರವನ್ನು ಅವುಚಿಕೊಳ್ಳುತ್ತದೆ. ಮೊಳೆ ಹೊಡೆಯುವ ಕೆಲಸವೇ ಇಲ್ಲ. ಸೋಪು ಹಚ್ಚಿ ಬಳೆ ತೊಡಿಸಿಕೊಂಡ ನಮಗೆ ಆ ಬಿಗಿ ಅರ್ಥವಾಗುತ್ತದೆ.

ಗಾಲಿ ಉರುಳಲು ಕೀಲೆಣ್ಣೆ ಬೇಕು. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿದರೆ ಕೀಲೆಣ್ಣೆ. ಹರಳು ಹುರಿದು, ಕುಟ್ಟಿ, ಕುದಿಸಿ ಎಣ್ಣೆ ತೆಗೆಯುವ ಕೆಲಸ ಅಜ್ಜಿಯದು. ಅದೇ ಎಣ್ಣೆ ಮಕ್ಕಳ ನೆತ್ತಿಗೆ, ಬಾಣಂತಿಯ ಸೊಂಟಕ್ಕೆ, ಗಾಡಿಯ ಕೀಲಿಗೆ. ಗಾಡಿ ಗಂಡಸರದು ಎಂದು ಹೇಳುವವರು ಈ ಎಣ್ಣೆಯ ಬಟ್ಟಲನ್ನು ಮರೆಯುತ್ತಾರೆ.

ಆ ಗಾಡಿಗೆ ಕೆಳಗಿನ ಕಮಾನು ಇರಲಿಲ್ಲ. ಅಚ್ಚಿನ ಮೇಲೆ ನೇರವಾಗಿ ಮರದ ಚೌಕಟ್ಟು. ಕಲ್ಲಿನ ಮೇಲೆ ಗಾಲಿ ಹತ್ತಿದರೆ ಆ ಪೆಟ್ಟು ಅಚ್ಚಿಗೆ, ಅಚ್ಚಿನಿಂದ ಹಲಗೆಗೆ, ಹಲಗೆಯಿಂದ ಕೂತವರ ಬೆನ್ನುಹುರಿಗೆ. ಕುದುರೆಯ ಜಟಕಾಗಳಿಗೆ ಮಾತ್ರ ಉಕ್ಕಿನ ಕಮಾನು ಇರುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಲಂಡನ್ನಿನಲ್ಲಿ ಒಬಡಾಯ ಎಲಿಯಟ್ ಎಂಬ ಸಾರೋಟು ಕಟ್ಟುವವನು ಪಟ್ಟಿಗಳ ಕಮಾನನ್ನು ಗಾಡಿಯ ಕೆಳಗೆ ಕೂರಿಸುವ ಕ್ರಮಕ್ಕೆ ಪೇಟೆಂಟ್ ಪಡೆದ. ದೊರೆಗಳು, ದೊರೆಸಾನಿಯರು ಕುಲುಕದೆ ಪ್ರಯಾಣ ಮಾಡಿದರು. ನಮ್ಮ ಎತ್ತಿನ ಗಾಡಿಗಳಿಗೆ ಅದು ಬರಲಿಲ್ಲ. ಉಕ್ಕಿಗೆ ದುಡ್ಡು ಬೇಕು. ಎತ್ತು ನಿಧಾನವಾಗಿ ನಡೆಯುವ ಪ್ರಾಣಿ, ಅದಕ್ಕೇಕೆ ಕಮಾನು ಎಂದು ಸುಮ್ಮನಾದರು. ಗಾಡಿಯೊಳಗೆ ಕೂತವರನ್ನು ಯಾರೂ ಕೇಳಲಿಲ್ಲ.

ಅಜ್ಜಿ ತನ್ನ ಚೊಚ್ಚಲ ಹೆರಿಗೆಗೆ ತವರಿಗೆ ಹೊರಟದ್ದು ಆ ಗಾಡಿಯಲ್ಲೇ. ಮಳೆ ನಿಂತ ಹೊಸತು, ದಾರಿಯಲ್ಲೆಲ್ಲ ಗಾಲಿಯ ಜಾಡು ಮೊಣಕಾಲುದ್ದ ಕೊರೆದಿತ್ತಂತೆ. ಇಡೀ ದಿನದ ದಾರಿ. ಸಂಜೆಯ ಹೊತ್ತಿಗೆ ನೋವು ಶುರುವಾಯಿತು, ದಿನ ತುಂಬಿರಲಿಲ್ಲ. ಆ ಮಗು ಉಳಿಯಲಿಲ್ಲ. ಗಾಡಿಯ ಕುಲುಕಾಟವೇ ಕಾರಣವೋ, ಬೇರೆ ಏನೋ, ಈಗ ಯಾರು ಹೇಳಬೇಕು? ಸೂಲಗಿತ್ತಿ ದೈವೇಚ್ಛೆ ಎಂದಳಂತೆ. ಅಜ್ಜ ಏನೂ ಹೇಳಲಿಲ್ಲ. ಮುಂದೆ ಅಜ್ಜಿ ಯಾವತ್ತು ಗಾಡಿ ಹತ್ತಿದರೂ ಅಜ್ಜ ಮೊಳದುದ್ದ ದಪ್ಪಕ್ಕೆ ಹುಲ್ಲು ಹಾಸಿ, ಅದರ ಮೇಲೆ ಕಂಬಳಿ, ಕಂಬಳಿಯ ಮೇಲೆ ಕೌದಿ ಹಾಸುತ್ತಿದ್ದ. ಆ ಹುಲ್ಲೇ ನಮ್ಮ ಮನೆಯ ಗಾಡಿಗೆ ಬಂದ ಮೊದಲ ಕಮಾನು ಎಂದು ನನಗನ್ನಿಸುತ್ತದೆ.

ಅಲಂಕಾರಕ್ಕೆ ಮಾತ್ರ ಆ ಕಾಲದಲ್ಲೂ ಕೊರತೆ ಇರಲಿಲ್ಲ. ಕೊಂಬಿನ ತುದಿಗೆ ಹಿತ್ತಾಳೆಯ ಅಣಸು, ಕೊರಳಿಗೆ ಗೆಜ್ಜೆಸರ, ಬೆನ್ನ ಮೇಲೆ ಕನ್ನಡಿ ಚೂರು ಹೊಲಿದ ಜೂಲು, ಕಾರಹುಣ್ಣಿಮೆಗೆ ಕೊಂಬಿಗೆ ಕೆಂಪು ನೀಲಿ ಬಣ್ಣ. “ನನಗೊಂದು ಸೀರೆ ತಾ ಅಂದ್ರೆ ಮುಂದಿನ ಸುಗ್ಗಿಗೆ ಅನ್ನೋರು. ಎತ್ತಿಗೆ ಗೆಜ್ಜೆ ಅಂದ್ರೆ ಅವತ್ತೇ ಸಂತೆಗೆ ಹೊರಡೋರು” ಎಂದು ಅಜ್ಜಿ ನಗುತ್ತಿದ್ದಳು. ಅದರಲ್ಲಿ ದೂರು ಅರ್ಧ, ಹೆಮ್ಮೆ ಅರ್ಧ.

ಇಷ್ಟರಲ್ಲಿ ನಮ್ಮೂರೇ ಬದಲಾಗಿತ್ತು. ಭದ್ರಾವತಿಗೆ ಹಿಂದೆ ಬೆಂಕಿಪುರ ಎಂಬ ಹೆಸರಿತ್ತು. ಆ ಹೆಸರಿಗೆ ತಕ್ಕ ಹಾಗೆ ಇಲ್ಲಿ ಕುಲುಮೆ ಹೊತ್ತಿಕೊಂಡದ್ದು 1923ರ ಜನವರಿಯಲ್ಲಿ. ಮೈಸೂರು ಸಂಸ್ಥಾನ ಕಟ್ಟಿಸಿದ ಕಬ್ಬಿಣದ ಕಾರ್ಖಾನೆ ಅದು. ಕಲ್ಲಿದ್ದಲು ಹತ್ತಿರದಲ್ಲಿಲ್ಲದ ಸೀಮೆಯಲ್ಲಿ ಮಲೆನಾಡಿನ ಮರವನ್ನೇ ಇದ್ದಿಲು ಮಾಡಿ ಅದಿರು ಕರಗಿಸಿದರು. ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಅದಿರು ತಂತಿಯ ತೊಟ್ಟಿಲಲ್ಲಿ ಇಳಿದು ಬರುತ್ತಿತ್ತು. ಕಾಡಿನ ಸೌದೆ ತರಲು ಟ್ರಾಮಿನ ಹಳಿ ಹಾಕಿದ್ದರು. ನಷ್ಟದಲ್ಲಿದ್ದ ಕಾರ್ಖಾನೆಯ ಆಡಳಿತವನ್ನು, ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರು ವಹಿಸಿಕೊಂಡು ದಡ ಸೇರಿಸಿದರು. ಮುಂದೆ ಅವರ ಹೆಸರೇ ಕಾರ್ಖಾನೆಗೆ ಬಂತು. 1936ರಲ್ಲಿ ಕಾಗದದ ಕಾರ್ಖಾನೆಯ ಕಂಪನಿಯೂ ಹುಟ್ಟಿತು. ಹೊಲಗದ್ದೆಗಳ ಜನ್ನಾಪುರ ನಿಧಾನವಾಗಿ ಕಾರ್ಮಿಕರ ಬಡಾವಣೆಯಾಯಿತು. ನಮ್ಮಪ್ಪ ನೊಗ ಬಿಟ್ಟು ಟಿಫಿನ್ ಡಬ್ಬಿ ಹಿಡಿದು ಕಾರ್ಖಾನೆಗೆ ಹೊರಟ. ಕಾರ್ಖಾನೆಯ ಸೈರನ್ನಿಗೆ ನಾವು ಒಲೆ ಹಚ್ಚುತ್ತಿದ್ದೆವು, ಸೈರನ್ನಿಗೆ ಊಟ ಬಡಿಸುತ್ತಿದ್ದೆವು.

ಅಜ್ಜ ಮಾತ್ರ ಗಾಡಿ ಬಿಡಲಿಲ್ಲ. ಸ್ವಾತಂತ್ರ್ಯ ಬಂದ ಮೇಲಿನ ವರ್ಷಗಳಲ್ಲಿ ಅವನಿಗೆ ಒಂದೇ ಆಸೆ ಹತ್ತಿತು, ಟೈರು ಗಾಡಿ. ನಮ್ಮ ಕಡೆ ಅದನ್ನು ಡನ್ಲಪ್ ಗಾಡಿ ಎಂದೇ ಕರೆಯುತ್ತಿದ್ದರು. ಈ ಡನ್ಲಪ್ ಯಾರು ಎಂದು ನಾನು ದೊಡ್ಡವಳಾದ ಮೇಲೆ ಓದಿ ತಿಳಿದೆ. ಜಾನ್ ಬಾಯ್ಡ್ ಡನ್ಲಪ್ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿದ್ದ ದನಗಳ ಡಾಕ್ಟರು. ಅವನ ಪುಟ್ಟ ಮಗ ಮೂರು ಗಾಲಿಯ ಸೈಕಲ್ಲಿನಲ್ಲಿ ಕಲ್ಲುಹಾಸಿನ ಬೀದಿಯಲ್ಲಿ ಓಡಾಡುವಾಗ ಕುಲುಕಾಟ ತಾಳಲಾರದೆ ಹೋಗುತ್ತಿದ್ದ. ತಂದೆ ರಬ್ಬರಿನ ಕೊಳವೆಗೆ ಗಾಳಿ ತುಂಬಿ ಗಾಲಿಗೆ ಸುತ್ತಿ ನೋಡಿದ. 1888ರಲ್ಲಿ ಪೇಟೆಂಟ್ ಪಡೆದ. ಅದಕ್ಕೂ ಮುಂಚೆ, 1845ರಲ್ಲೇ, ರಾಬರ್ಟ್ ಥಾಮ್ಸನ್ ಎಂಬುವನು ಇಂಥದೇ ಗಾಲಿ ಮಾಡಿದ್ದ, ಲೋಕ ಮರೆತಿತ್ತು. ಒಂದು ಮಗುವಿನ ಮೈ ನೋಯಬಾರದು ಎಂದು ಹುಟ್ಟಿದ ವಸ್ತು ಎತ್ತಿನ ಗಾಡಿಯವರೆಗೆ ಬಂತಲ್ಲ ಎಂದು ಓದಿದಾಗ ನನಗೆ ಅಜ್ಜಿಯ ಆ ಉಳಿಯದ ಮಗು ನೆನಪಾಯಿತು. 1936ರಲ್ಲಿ ಬಂಗಾಳದ ಸಾಹಾಗಂಜಿನಲ್ಲಿ ಡನ್ಲಪ್ ಕಾರ್ಖಾನೆ ಶುರುವಾದ ಮೇಲೆ ಟೈರು ಈ ದೇಶದಲ್ಲೇ ತಯಾರಾಗತೊಡಗಿತು.

ಅಜ್ಜನ ಟೈರು ಗಾಡಿಗೆ ದುಡ್ಡು ಬಂದದ್ದು ಅಜ್ಜಿಯ ಕಾಸಿನ ಸರದಿಂದ. ಕೊಡುವಾಗ ಅವಳು ಅಳಲಿಲ್ಲವಂತೆ. “ಆ ಗಾಲಿ ಮನೆ ಬಿಟ್ಟು ಹೋಗ್ತದೆ ಅಂದ್ರೆ ಕಾಸಿನ ಸರ ಯಾವ ಲೆಕ್ಕ” ಎಂದಳಂತೆ. ನಮ್ಮವ್ವ ಮದುವೆಯಾಗಿ ಜನ್ನಾಪುರಕ್ಕೆ ಬಂದದ್ದು ಆ ಹೊಸ ಗಾಡಿಯಲ್ಲಿ. “ಸದ್ದೇ ಇಲ್ಲ ಕಣೇ, ತೊಟ್ಟಿಲು ಇದ್ದ ಹಾಗಿತ್ತು” ಎಂದು ಅವ್ವ ಎಷ್ಟೋ ಸಲ ಹೇಳಿದ್ದಾಳೆ.

ಆದರೆ ಎತ್ತುಗಳನ್ನು ಕೇಳಿದ್ದರೆ ಬೇರೆ ಕಥೆ ಹೇಳುತ್ತಿದ್ದವೇನೋ. ಟೈರು ಸಲೀಸಾಗಿ ಉರುಳುತ್ತದೆ. ಹಳೆಯ ಗಾಡಿಗಿಂತ ಹೆಚ್ಚು ಮೂಟೆ ಎಳೆಯಬಹುದು ಎಂದು ಗೊತ್ತಾದ ಮಾರನೆಯ ದಿನವೇ ಮೂಟೆಗಳು ಹೆಚ್ಚಾದವು. ಇಳಿಜಾರಿನಲ್ಲಿ ಗಾಡಿಯೇ ಎತ್ತುಗಳನ್ನು ದೂಡುತ್ತಿತ್ತು. ಹಳೆಯ ಗಾಲಿ ತಾನಾಗಿ ನಿಧಾನಿಸುತ್ತಿತ್ತು, ಇದು ನಿಧಾನಿಸದು. ಬ್ರೇಕೂ ಇಲ್ಲ. ಆ ಭಾರವನ್ನೆಲ್ಲ ಕತ್ತು ತಡೆಯಬೇಕು. ನಮ್ಮ ಎತ್ತುಗಳ ಹೆಗಲಿನ ಗಾಯಕ್ಕೆ ಅರಿಸಿನ, ಬೇವಿನೆಣ್ಣೆ ಹಚ್ಚಿದ್ದು ನನಗೆ ಚೆನ್ನಾಗಿ ನೆನಪಿದೆ. ಕುಲುಕಾಟ ಹೋಯಿತು, ಭಾರ ಬಂತು.

ಈ ಹೆಗಲಿನ ಗಾಯವನ್ನು ದೊಡ್ಡ ವಿಷಯವೆಂದು ತಿಳಿದ ಒಬ್ಬರಿದ್ದರು. 1973ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಪ್ರಾರಂಭವಾದಾಗ ಅದರ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ. ದೊಡ್ಡ ಕಂಪನಿಗಳ ಆಡಳಿತ ಕಲಿಸುವ ಸಂಸ್ಥೆಯ ಮುಖ್ಯಸ್ಥರು ಎತ್ತಿನ ಗಾಡಿಯ ಬಗ್ಗೆ ಅಧ್ಯಯನಕ್ಕೆ ಹೊರಟಾಗ ನಕ್ಕವರೂ ಇದ್ದಿರಬೇಕು. ಗಾಡಿ ಹಗುರವಾಗಬೇಕು, ಗಾಲಿಗೆ ಬೇರಿಂಗು ಬೇಕು, ನೊಗ ಕತ್ತನ್ನು ಉಜ್ಜಬಾರದು ಎಂದು ಅವರು ವರ್ಷಗಟ್ಟಲೆ ಹೇಳಿದರು. ದೇಶದ ಸರಕು ಸಾಗಣೆಯಲ್ಲಿ ಎತ್ತಿನ ಪಾಲು ಎಷ್ಟು ದೊಡ್ಡದು ಎಂದು ಎತ್ತಿ ತೋರಿಸಿದರು. ಅವರ ಮಾತು ಊರೂರಿಗೆ ಮುಟ್ಟುವ ಹೊತ್ತಿಗೆ ಗಾಡಿಗಳೇ ಕಡಿಮೆಯಾಗುತ್ತ ಬಂದವು. ಮೋಟಾರು ಅವಸರದಲ್ಲಿತ್ತು.

ಈಗ ನನ್ನ ತಮ್ಮನ ಪಿಕಪ್ಪಿನ ವಂಶಾವಳಿ. ಮೂಲತಃ ಪಿಕಪ್ ಎಂಬುದೇ ಒಂದು ಮಾರ್ಪಾಟು. ಅಮೆರಿಕದ ರೈತರು ತಮ್ಮ ಕಾರಿನ ಹಿಂಭಾಗ ಕಳಚಿ ಅಲ್ಲೊಂದು ಮರದ ಪೆಟ್ಟಿಗೆ ಕೂರಿಸಿ ಹಾಲು, ತರಕಾರಿ ಸಾಗಿಸುತ್ತಿದ್ದರು. ಅದನ್ನು ಕಂಡು ಫೋರ್ಡ್ ಕಂಪನಿ 1925ರಲ್ಲಿ ತಾನೇ ಅಂಥ ಗಾಡಿ ಮಾಡಿ ಮಾರತೊಡಗಿತು. ನಮ್ಮ ದೇಶದಲ್ಲಿ ಮಹೀಂದ್ರದವರು 1947ರಲ್ಲಿ ಮುಂಬಯಿಯಲ್ಲಿ ಜೀಪು ಜೋಡಿಸಲು ಶುರುಮಾಡಿದರು. ಯುದ್ಧಕ್ಕೆ ಹುಟ್ಟಿದ ಆ ಗಾಡಿ ನಮ್ಮಲ್ಲಿ ಕಾಫಿ ತೋಟಕ್ಕೂ ಮದುವೆ ದಿಬ್ಬಣಕ್ಕೂ ಒಗ್ಗಿಕೊಂಡಿತು. 1969ರಲ್ಲಿ ಬಜಾಜ್ ಟೆಂಪೋದ ಮೆಟಡಾರ್ ಬಂತು, 1986ರಲ್ಲಿ ಟಾಟಾ 407. ತರಕಾರಿ ಮಾರುಕಟ್ಟೆಯಿಂದ ಹಿಡಿದು ಧರ್ಮಸ್ಥಳದ ಯಾತ್ರೆಯವರೆಗೆ ಎಲ್ಲಕ್ಕೂ ಅವೇ. 2005ರಲ್ಲಿ ಟಾಟಾ ಏಸ್ ಎಂಬ ಪುಟ್ಟ ಗಾಡಿ ಬಂದು ಸಂದಿಗೊಂದಿಯೊಳಗೂ ನುಸುಳಿತು. ಟೈರಿಗೂ ಬಂಗಾಳದ ಕಡೆ ನೋಡಬೇಕಾಗಿರಲಿಲ್ಲ, ರಾಜ್ಯ ಸರ್ಕಾರದ ಆಸರೆಯಲ್ಲಿ ಹುಟ್ಟಿದ ವಿಕ್ರಾಂತ್ ಟೈರು ಮೈಸೂರಿನಲ್ಲೇ ತಯಾರಾಗುತ್ತಿತ್ತು.

ನನ್ನ ತಮ್ಮ ಹವ್ಯಾಸಕ್ಕೆಂದು ಗಾಡಿ ಕೊಂಡವನಲ್ಲ. ಅವನು ಕಾಗದದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದಲ್ಲಿದ್ದ. 2015ರಲ್ಲಿ ಅಲ್ಲಿ ಉತ್ಪಾದನೆ ನಿಂತಿತು. ಉಕ್ಕಿನ ಕಾರ್ಖಾನೆಯ ಸ್ಥಿತಿಯೂ ಆಗಲೇ ಅಷ್ಟಕ್ಕಷ್ಟೆ. ಅದನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂದು, ಊರೆಲ್ಲ ಬೀದಿಗಿಳಿದು, ಅದೇ ವರ್ಷ ಒಂದು ಭಾಗ ಮತ್ತೆ ಚಾಲೂ ಆದದ್ದು ಆಮೇಲಿನ ಮಾತು. ಐವತ್ತರ ಹತ್ತಿರದ ಗಂಡಸು ಕೆಲಸ ಕಳಕೊಂಡು ಮನೆಯಲ್ಲಿ ಕೂತರೆ ಮನೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಅವ್ವ ಒಂದು ದಿನ ತನ್ನ ನಾಲ್ಕು ಬಳೆ ಬಿಚ್ಚಿ ಅವನ ಮುಂದಿಟ್ಟಳು. ಅವನ್ನು ಅಡವಿಟ್ಟು ಮುಂಗಡ ಕಟ್ಟಿ ಸೆಕೆಂಡ್‌ಹ್ಯಾಂಡ್ ಪಿಕಪ್ ತಂದ. ಅಜ್ಜಿಯ ಕಾಸಿನ ಸರ, ಅವ್ವನ ಬಳೆ. ನಮ್ಮ ಮನೆಯ ಗಾಡಿಗಳು ಓಡಿದ್ದು ಎಣ್ಣೆಯಿಂದಲೋ ಚಿನ್ನದಿಂದಲೋ ಎಂದು ಒಮ್ಮೊಮ್ಮೆ ಯೋಚನೆಯಾಗುತ್ತದೆ.

ಅಡಿಕೆ ಮೂಟೆ, ಬಾಳೆಗೊನೆ, ಸಿಮೆಂಟು, ಮನೆ ಖಾಲಿ ಮಾಡುವವರ ಬೀರು ಮಂಚ, ಎಲ್ಲವನ್ನೂ ಸಾಗಿಸಿದ. ಒಂದು ವರ್ಷ ಕಳೆದ ಮೇಲೆ ಒಂದೊಂದೇ ಮಾರ್ಪಾಟು ಶುರುವಾಯಿತು. ಮೊದಲು ಕಮಾನು. ಕಂಪನಿಯವರು ಹೇಳಿದ ಭಾರ ಹೇರಿದರೆ ಕಂತು ಕಟ್ಟಿ ಉಳಿಯುವುದು ಏನೂ ಇಲ್ಲ, ಅದರ ಮೇಲೆ ಇನ್ನಷ್ಟು ಹೇರಿದರೆ ಹಿಂಭಾಗ ನೆಲಕ್ಕೆ ಕೂರುತ್ತದೆ. ಅದಕ್ಕೇ ಎರಡು ಪ್ಲೇಟು ಹೆಚ್ಚಿಗೆ. ಆಮೇಲೆ ಟೈರು. ಮೊದಲಿದ್ದದ್ದಕ್ಕಿಂತ ಅಗಲ, ಎತ್ತರ. ಕೊನೆಗೆ ಅಲಂಕಾರ. ಮುಂದೆ ಕಬ್ಬಿಣದ ದಪ್ಪ ಗಾರ್ಡು, ಬಾಗಿಲಿಗೆ ಹೊಳೆಯುವ ಪಟ್ಟಿ, ಕನ್ನಡಿಗೆ ಕಪ್ಪು ಕುಚ್ಚು, ಹೆಡ್‌ಲೈಟಿನ ಮೇಲೆ ರೆಪ್ಪೆ ಬರೆದ ಎರಡು ಕಣ್ಣು. ಕುಚ್ಚು ನೋಡಿ ಅವ್ವ, “ಜಡೆಕುಚ್ಚು ಹಾಕಿದ್ದೀಯಲ್ಲೋ, ಒಂದು ಸೀರೆನೂ ಉಡಿಸು” ಎಂದಳು. ಮುಂದಿನ ಗಾಜಿನ ಮೇಲೆ ದೊಡ್ಡ ಅಕ್ಷರದಲ್ಲಿ ‘ತಾಯಿಯ ಆಶೀರ್ವಾದ’ ಎಂದು ಬರೆಸಿದ್ದ. ಅದನ್ನು ಓದಿಸಿಕೊಂಡು ಅವ್ವ ಮಾತಾಡಲಿಲ್ಲ, ಸೆರಗಿನಿಂದ ಗಾಜು ಒರೆಸಿದಳು.

ಆಯುಧಪೂಜೆಯ ದಿನ ಬಾಳೆಕಂದು ಕಟ್ಟಿ ನಿಂತ ಆ ಗಾಡಿ ನೋಡಿದಾಗ ನನಗೂ ಸಂತೋಷವೇ ಆಯಿತು. ಸೋತು ಕೂತಿದ್ದ ತಮ್ಮ ಮತ್ತೆ ಎದೆ ಸೆಟೆಸಿ ನಿಂತಿದ್ದ. ಎತ್ತಿನ ಕೊಂಬಿಗೆ ಅಣಸು ತೊಡಿಸಿದ ಅಜ್ಜನ ಮೊಮ್ಮಗನಲ್ಲವೇ ಅವನು?

2019ರ ಮಳೆಗಾಲದ ಒಂದು ರಾತ್ರಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಎಂಬತ್ತರ ಹತ್ತಿರದ ಜೀವ. ಸೊಂಟದ ಹತ್ತಿರ ಕಾಲು ತಿರುಚಿಕೊಂಡಿತ್ತು, ಮುಟ್ಟಿದರೆ ಚೀರುತ್ತಿದ್ದಳು. ಧೋ ಎಂದು ಮಳೆ. ಗಾಡಿ ಮನೆಯ ಮುಂದೆಯೇ ಇತ್ತು. ಗಾಬರಿಯಲ್ಲಿ ಯಾರಿಗೂ ಬೇರೇನೂ ಹೊಳೆಯಲಿಲ್ಲ. ಹಿಂಭಾಗಕ್ಕೆ ಟಾರ್ಪಾಲು ಕಟ್ಟಿ, ಒಂದು ಚಾಪೆ, ಒಂದು ತೆಳು ಹಾಸಿಗೆ ಹಾಕಿ ಅವ್ವನನ್ನು ಮಲಗಿಸಿದೆವು. ನಾನೂ ತಮ್ಮನ ಹೆಂಡತಿಯೂ ಎರಡು ಕಡೆ ಕೂತು ಹಿಡಿದುಕೊಂಡೆವು. ಶಿವಮೊಗ್ಗ ಹೆಚ್ಚೆಂದರೆ ಇಪ್ಪತ್ತು ಕಿಲೋಮೀಟರು.

ಆ ಇಪ್ಪತ್ತು ಕಿಲೋಮೀಟರನ್ನು ನಾನು ಮರೆಯಲಾರೆ. ಮಳೆಗೆ ಕಿತ್ತುಹೋದ ರಸ್ತೆ. ಗಾಡಿ ಖಾಲಿ, ಮೂವರು ಹೆಂಗಸರ ಭಾರ ಅದಕ್ಕೆ ಯಾವ ಲೆಕ್ಕ? ಟನ್ನುಗಟ್ಟಲೆ ಭಾರಕ್ಕೆ ಬಿಗಿದ ಕಮಾನು ನಮಗಾಗಿ ಕೂದಲೆಳೆಯಷ್ಟೂ ಬಾಗಲಿಲ್ಲ. ಒಂದೊಂದು ಗುಂಡಿಗೂ ಗಾಡಿ ನಮ್ಮನ್ನು ಎತ್ತಿ ಎತ್ತಿ ಕುಕ್ಕಿತು. ಅವ್ವ ನನ್ನ ಮುಂಗೈ ಕಚ್ಚಿ ಹಿಡಿದಿದ್ದಳು. ತಮ್ಮ ನಿಧಾನಕ್ಕೇ ಓಡಿಸುತ್ತಿದ್ದ. ನಾನು ನಡುವಿನ ಗಾಜು ಬಡಿದು “ನಿಧಾನ ಕಣೋ, ನಿಧಾನ” ಎಂದು ಕೂಗುತ್ತಿದ್ದೆ. ಅವ್ವ ಒಮ್ಮೆ ಉಸಿರು ತೆಗೆದುಕೊಂಡು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ.

“ನಿಮ್ಮಜ್ಜ ಹುಲ್ಲಾದ್ರೂ ಹಾಕ್ತಿದ್ದ ಕಣೇ.”

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಬೈದರು. ಸೊಂಟದ ಮೂಳೆ ಮುರಿದವರನ್ನು ಹೀಗೆ ಕುಲುಕಿಸಿ ತರಬಾರದು, ಕಾಲು ಅಲುಗದ ಹಾಗೆ ಕಟ್ಟಿ ಸ್ಟ್ರೆಚರಿನಲ್ಲೇ ತರಬೇಕು, ಅದಕ್ಕೇ ಆಂಬುಲೆನ್ಸ್ ಇರುವುದು ಎಂದರು. ಶಸ್ತ್ರಚಿಕಿತ್ಸೆ ಆಯಿತು. ತಮ್ಮ ವರಾಂಡದ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಹೊರಗೆ ನಿಂತ ಗಾಡಿಯ ಗಾಜಿನ ಮೇಲಿನ ಅಕ್ಷರ ಅಲ್ಲಿಂದಲೇ ಕಾಣುತ್ತಿತ್ತು. ನಾನು ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಆಮೇಲೆ ಅವನೇ ಒಬ್ಬ ಹಳೆಯ ಮೇಸ್ತ್ರಿಯ ಹತ್ತಿರ ಹೋಗಿ ವಿಚಾರಿಸಿದ. ಆ ಮೇಸ್ತ್ರಿ ಹೇಳಿದ್ದನ್ನು ಮನೆಗೆ ಬಂದು ನನಗೆ ವಿವರಿಸಿದ. ಕಮಾನು ಗಾಡಿಯ ಭಾರ ಹೊರುವುದಷ್ಟೇ ಅಲ್ಲ, ರಸ್ತೆಯ ಪೆಟ್ಟನ್ನೂ ನುಂಗುತ್ತದೆ. ಪೆಟ್ಟು ಬಿದ್ದಾಗ ಬಾಗಬೇಕು, ಆಮೇಲೆ ಮೊದಲಿನಂತಾಗಬೇಕು. ಪ್ಲೇಟು ಹೆಚ್ಚಿಸಿದಷ್ಟೂ ಅದು ಬಾಗುವುದು ಕಡಿಮೆ. ನುಂಗದ ಪೆಟ್ಟು ಎಲ್ಲಿಗೆ ಹೋಗಬೇಕು? ಗಾಡಿಯ ಚೌಕಟ್ಟಿಗೆ, ಡ್ರೈವರನ ಬೆನ್ನಿಗೆ, ಹಿಂದೆ ಕೂತವರ ಮೂಳೆಗೆ. ಕಮಾನು ಗಟ್ಟಿಯಾಯಿತೆಂದು ಬ್ರೇಕೂ ಅಚ್ಚೂ ಗಟ್ಟಿಯಾಗುವುದಿಲ್ಲ, ಅವು ಕಂಪನಿ ಹೇಳಿದ ಭಾರಕ್ಕೆ ತಕ್ಕವೇ. ದೊಡ್ಡ ಟೈರಿನದೂ ಅಷ್ಟೇ. ಸುತ್ತಳತೆ ಹತ್ತರಲ್ಲೊಂದು ಪಾಲು ಹೆಚ್ಚಾದರೆ ಮೀಟರು ಐವತ್ತು ತೋರಿಸುವಾಗ ಗಾಡಿ ಐವತ್ತೈದರಲ್ಲಿ ಓಡುತ್ತಿರುತ್ತದೆ. ಗಾಡಿ ಎತ್ತರವಾದಷ್ಟೂ ತಿರುವಿನಲ್ಲಿ ಮಗುಚುವ ಭಯ. ಮುಂದಿನ ಕಬ್ಬಿಣದ ಗಾರ್ಡು ಗಾಡಿಯನ್ನು ಕಾಯುತ್ತದೆ, ಅಡ್ಡ ಬಂದ ಮನುಷ್ಯನನ್ನು ಕಾಯುವುದಿಲ್ಲ.

ಇದಕ್ಕೆಲ್ಲ ಕಾನೂನೂ ಇದೆ ಎಂದು ಆಮೇಲೆ ತಿಳಿಯಿತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಗಾಡಿಯ ಮೂಲ ವಿವರಗಳಿಗೆ ವಿರುದ್ಧವಾಗಿ ಮಾರ್ಪಾಟು ಮಾಡುವುದನ್ನು ನಿಷೇಧಿಸುತ್ತದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಮುಂದಿನ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಬರೆಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದಿಂದ ಬಂದ ಒಂದು ಮೊಕದ್ದಮೆಯಲ್ಲಿ ಆ 52ನೆಯ ಕಲಮನ್ನೇ ಎತ್ತಿಹಿಡಿಯಿತು. ಅದೇ ವರ್ಷ ಕಾಯ್ದೆಗೆ ಆದ ತಿದ್ದುಪಡಿ ಒಂದೊಂದು ಮಾರ್ಪಾಟಿಗೂ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ ಎಂದಿತು. ನನ್ನ ತಮ್ಮ ದಂಡಕ್ಕೆ ಹೆದರಿ ಬಿಚ್ಚಿಸಿದನೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅವ್ವ ಆಸ್ಪತ್ರೆಯಿಂದ ಮನೆಗೆ ಬರುವ ಮುಂಚೆಯೇ ಅವನು ಪ್ಲೇಟು ಬಿಚ್ಚಿಸಿದ್ದ. ಟೈರು ಬದಲಾಯಿತು, ಗಾರ್ಡು ಹೋಯಿತು. ಹೆಚ್ಚಿನ ಭಾರವೂ ನಿಂತಿತು. ಆ ವರ್ಷ ಕಂತು ಕಟ್ಟಲು ತಮ್ಮನ ಹೆಂಡತಿ ಹೊಲಿಗೆ ಮೆಷಿನ್ನಿನ ಮುಂದೆ ರಾತ್ರಿ ಹನ್ನೊಂದರವರೆಗೆ ಕೂರುತ್ತಿದ್ದಳು. ಗಾಡಿಯ ಭಾರ ಇಳಿದದ್ದು ಅವಳ ಬೆನ್ನಿಗೆ ಏರಿತು ಎಂಬುದನ್ನೂ ಇಲ್ಲಿ ಬರೆಯದಿದ್ದರೆ ಲೆಕ್ಕ ತಪ್ಪುತ್ತದೆ.

ಕಣ್ಣು, ಕುಚ್ಚು, ‘ತಾಯಿಯ ಆಶೀರ್ವಾದ’ ಮೂರನ್ನೂ ಉಳಿಸಿಕೊಂಡ. ಅವುಗಳಿಂದ ಯಾರ ಮೈಯೂ ನೋಯುವುದಿಲ್ಲ.

ಬಿಚ್ಚಿದ ನಾಲ್ಕು ಪ್ಲೇಟು ಬಹಳ ದಿನ ಹಿತ್ತಲಿನ ಗೋಡೆಗೆ ಒರಗಿದ್ದವು. ಗುಜರಿಗೆ ಕೊಡುವುದು ಬೇಡ ಎಂದಳು ಅವ್ವ. ಕಮಾನಿನ ಉಕ್ಕು ಎಂದರೆ ಕಮ್ಮಾರರಿಗೆ ಬಲು ಪ್ರೀತಿ. ಹದವಾಗಿ ಕಾಸಿ ಬಡಿದರೆ ಕತ್ತಿ, ಕುಡುಗೋಲು, ಮಚ್ಚು ಏನು ಬೇಕಾದರೂ ಆಗುತ್ತದೆ, ಬಾಯಿ ಬೇಗ ಮೊಂಡಾಗುವುದಿಲ್ಲ. ತಮ್ಮ ಒಂದು ಪ್ಲೇಟನ್ನು ಕಮ್ಮಾರನಿಗೆ ಕೊಟ್ಟು ಈಳಿಗೆ ಮಾಡಿಸಿಕೊಂಡು ಬಂದ. ಹಲಸಿನ ಮಣೆಗೆ ಕೂರಿಸಿದ ಈಳಿಗೆ.

ಅವ್ವನಿಗೆ ಈಗ ನೆಲದ ಮೇಲೆ ಕೂರಲಾಗುವುದಿಲ್ಲ. ಊರುಗೋಲು ಹಿಡಿದು ಬಂದು ಕುರ್ಚಿಯಲ್ಲಿ ಕೂತು, ನಾನು ಆ ಈಳಿಗೆಯಲ್ಲಿ ಹೆಚ್ಚುವುದನ್ನು ನೋಡುತ್ತಾಳೆ. ಹೋದ ಸಲ ತವರಿಗೆ ಹೋದಾಗ ಬದನೆಕಾಯಿ ಹೆಚ್ಚುತ್ತಿದ್ದೆ. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಅವ್ವ ಕಿವಿಗೊಟ್ಟು ಕೇಳಿ, “ಮೆತ್ತಗೆ ನಿಂತ್ತು ನೋಡು” ಎಂದಳು. ನಾನು ಎದ್ದು ಹೋಗಿ ನೋಡಿದೆ. ತಮ್ಮ ಹಿಂದಿನ ಬಾಗಿಲು ಇಳಿಸಿ ಯಾರದೋ ಮನೆಯ ಗಾಜಿನ ಬೀರುವಿನ ಕೆಳಗಿನಿಂದ ಹುಲ್ಲು ಎಳೆದು ತೆಗೆಯುತ್ತಿದ್ದ.